ತೊಲೆಯ ಬಲ ಸಂದಿನಲ್ಲಿ

ಸಂಕೇಶ್ವರ, ಹುಕ್ಕೇರಿ, ಗೋಕಾಕ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಎರಡು ತೊಲೆಗಳು ಕೂಡುವುದು ಕಂಬದ ನೆತ್ತಿಯ ಮೇಲೆ, ಬೋದಿಗೆ ಎಂಬ ಅಡ್ಡ ತುಂಡಿನ ಆಸರೆಯಲ್ಲಿ. ಎರಡು ಕಂಬಗಳ ನಡುವಿನ ಜಾಗ, ಅಂದರೆ ಅಂಕಣದ ನಡುವೆ ತೊಲೆಗೆ ತೊಲೆ ಕೂಡಿಸುವ ಧೈರ್ಯವನ್ನು ಬಲ್ಲ ಬಡಿಗರು ಮಾಡಲಿಲ್ಲ. ಕಂಬದ ಮೇಲಿನ ಸಂದು ಭಾರವನ್ನು ನೇರ ಕೆಳಗಿಳಿಸುತ್ತದೆ. ನಡುವಿನ ಸಂದಾದರೆ ಬಾಗುವ ತೊಲೆಯ ಎಳೆತವನ್ನೆಲ್ಲ ತಾನೇ ತಡೆಯಬೇಕು. ಉದ್ದ ಸಾಗವಾನಿ ದಿಮ್ಮಿ ಕೈಗೆಟುಕದಾದಾಗ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿದ ಪದರು ತೊಲೆ ನೆರವಿಗೆ ಬರುತ್ತದೆ. ಜರ್ಮನಿಯ ವೈಮಾರ್‌ನಲ್ಲಿ ಆಟೊ ಹೆಟ್ಸರ್ 1906ರಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಹತ್ತು ಅಡಿಯ ಹಲಗೆಗಳಿಂದ ಮೂವತ್ತು ಅಡಿಯ ತೊಲೆ ಮಾಡುವಾಗ ಅಂಕಣದ ನಡುವೆ ಸಂದು ತಪ್ಪಿದ್ದಲ್ಲ. ಹಾಗಾಗಿ ಕಟ್ಟಿಗೆ ಎಷ್ಟೇ ಒಳ್ಳೆಯದಿರಲಿ, ಸಂದಿನ ಆಕಾರವನ್ನೂ ಜಾಗವನ್ನೂ ನೋಡದೆ ತೊಲೆಯ ಬಲ ಹೇಳಲಾಗದು.

ಮೊದಲು ಜಾಗದ ಮಾತು. ಭಾರ ಬಿದ್ದಾಗ ತೊಲೆಯ ಮೇಲಿನ ಪದರು ಅಮುಕಲ್ಪಡುತ್ತದೆ, ಕೆಳಗಿನದು ಎಳೆಯಲ್ಪಡುತ್ತದೆ, ನಡುವಿನದಕ್ಕೆ ಎರಡೂ ಕಡಿಮೆ. ಎಂಟು ಪದರಿನ ತೊಲೆಯ ತಳದ ಪದರಿನಲ್ಲಿ ಹಲಗೆಗಳನ್ನು ತುದಿಗೆ ತುದಿ ತಾಗಿಸಿ ಬಿಟ್ಟರೆ, ಆ ಜಾಗದಲ್ಲಿ ಏಳೇ ಪದರು ಕೆಲಸ ಮಾಡುತ್ತವೆ. ಬಾಗುವ ಬಲ ದಪ್ಪದ ವರ್ಗಕ್ಕೆ ಅನುಗುಣವಾಗಿರುವುದರಿಂದ ಸುಮಾರು ಕಾಲು ಭಾಗ ಬಲ ಹೋಯಿತು. ಅದೇ ಸಂದು ನಡುವಿನ ಪದರಿನಲ್ಲಿದ್ದರೆ ಲೆಕ್ಕದ ಪ್ರಕಾರ ನಷ್ಟ ನೂರಕ್ಕೆ ಮೂರನ್ನೂ ಮುಟ್ಟದು. ಸಂದಿನ ಅಂಚಿನಲ್ಲಿ ಒತ್ತಡ ಕೂಡಿಬೀಳುವುದರಿಂದ ನಿಜವಾದ ನಷ್ಟ ಇದಕ್ಕಿಂತ ಹೆಚ್ಚಿರುತ್ತದೆ. ಆದ್ದರಿಂದ ಅಕ್ಕಪಕ್ಕದ ಪದರುಗಳ ಸಂದುಗಳನ್ನು ಒಂದೇ ಗೆರೆಗೆ ತರದೆ ಹಿಂದೆ ಮುಂದೆ ಸರಿಸುತ್ತಾರೆ.

ಈಗಿನ ಅಂಟು ಕಟ್ಟಿಗೆಗಿಂತ ಗಟ್ಟಿಯಲ್ಲವೇ, ತುದಿಗೂ ಹಚ್ಚಿದರಾಯಿತಲ್ಲ ಎನ್ನುವವರಿದ್ದಾರೆ. ಹಲಗೆಯ ಮೈಗೆ ಮೈ ಅಂಟಿಸುವಾಗ ಆ ಮಾತು ಸರಿ. ತುದಿಯಲ್ಲಿ ಮಾತ್ರ ಕಟ್ಟಿಗೆಯ ಎಳೆಗಳು ಕೊಳವೆಗಳಂತೆ ಬಾಯ್ದೆರೆದಿರುತ್ತವೆ. ಅಂಟು ಒಳಗೆ ಇಂಗಿ ಸಂದು ಒಣಗಿ ಉಳಿಯುತ್ತದೆ. ಅದಕ್ಕೇ ತುದಿಯನ್ನು ಓರೆಯಾಗಿ ಸೀಳುತ್ತಾರೆ. ಒಂದು ಇಂಚು ದಪ್ಪಕ್ಕೆ ಹನ್ನೆರಡು ಇಂಚು ಓರೆ ಕೊಟ್ಟರೆ ಸಂದಿಲ್ಲದ ಹಲಗೆಯ ಎಳೆತದ ಬಲದಲ್ಲಿ ಸುಮಾರು 90 ಪ್ರತಿಶತ ಉಳಿಯುತ್ತದೆ. ಐದು ಇಂಚಿಗಿಳಿಸಿದರೆ 65ರ ಆಸುಪಾಸು. ಹನ್ನೆರಡು ಇಂಚಿನಷ್ಟು ಉದ್ದದ ಓರೆಗೆ ಕಟ್ಟಿಗೆ ಹಾಳಾಗುತ್ತದೆಂದೇ ಕಾರ್ಖಾನೆಗಳು ಹಲ್ಲು ಹಲ್ಲಾಗಿ ಕೊರೆದು ಫಿಂಗರ್ ಜಾಯಿಂಟ್ ಮಾಡುತ್ತವೆ. ಹಲ್ಲಿನ ತುದಿ ಮೊಂಡಾದಷ್ಟೂ ಬಲ ಕಡಿಮೆ. ಅಂಟಿನ ಜಾತಿಯೂ ಮುಖ್ಯ: ಘಟ್ಟದ ಕಡೆಯ ಮಳೆಗಾಲ, ಮುಂದೆ ಬೇಸಿಗೆಯ ಬಿಸಿಲು ಎರಡನ್ನೂ ಉಣ್ಣುವ ಸಂಕೇಶ್ವರದಂಥ ಊರಿನಲ್ಲಿ ನೀರಿಗೆ ಕರಗುವ ಅಂಟು ಬಾಳದು.

ಸಂದೇ ಇಲ್ಲದ ಇಡೀ ತೊಲೆಯೇ ಮೇಲಲ್ಲವೇ ಎಂದರೆ, ದೋಷವಿಲ್ಲದ ದಿಮ್ಮಿ ಸಿಕ್ಕರೆ ಹೌದು. ಸಿಗುವ ದಿಮ್ಮಿಗಳಲ್ಲಿ ಗಂಟು, ಸೀಳು ಇದ್ದೇ ಇರುತ್ತವೆ, ದೊಡ್ಡ ಗಂಟು ಎಷ್ಟೋ ಸಲ ಒಳ್ಳೆಯ ಸಂದಿಗಿಂತ ದುರ್ಬಲ. ಪದರು ತೊಲೆಯಲ್ಲಿ ಗಂಟನ್ನು ಕತ್ತರಿಸಿ ತೆಗೆದು, ಚೊಕ್ಕ ತುಂಡುಗಳನ್ನು ಮತ್ತೆ ಕೂಡಿಸಬಹುದು. ಉತ್ತಮ ಹಲಗೆಗಳನ್ನು ಮೇಲೆ ಕೆಳಗೆ ಇಟ್ಟು, ಸಾಧಾರಣವಾದವನ್ನು ನಡುವೆ ಹಾಕಬಹುದು. ಗೊತ್ತಿಲ್ಲದ ಜಾಗದ ಗಂಟಿಗಿಂತ ಗೊತ್ತಿದ್ದು ಇಟ್ಟ ಸಂದು ವಾಸಿ. ಕೊಳ್ಳುವವರು ಕಟ್ಟಿಗೆಯ ಹೆಸರು, ಅಳತೆ, ದರ ಕೇಳಿ ಸುಮ್ಮನಾಗಬಾರದು. ತಳದ ಪದರಿನಲ್ಲಿ ಸಂದು ಎಲ್ಲಿದೆ, ಓರೆ ಎಷ್ಟು, ಅಂಟು ಯಾವುದು ಎಂದೂ ಕೇಳಬೇಕು.