ಬ್ಲೇಡಿಗೂ ಕನ್ನಡ ಗೊತ್ತಾಗಲಿ

ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ರಾಜ್ಯದ ಕಾಯ್ದೆಗೆ ತಿದ್ದುಪಡಿಯಾಯಿತು. ಕನ್ನಡ ಎಷ್ಟಿರಬೇಕು ಎಂಬುದಕ್ಕೆ ಅಳತೆ ಸಿಕ್ಕಿತು. ಹೇಗಿರಬೇಕು ಎಂಬುದು ಅಕ್ಷರ ಕತ್ತರಿಸುವವರ ಕೈಯಲ್ಲಿದೆ. ಅಂಗಡಿ ಗಾಜಿನ ಮೇಲಿನ ಹೆಸರನ್ನೋ ಆಟೊ ಹಿಂದಿನ ಸ್ಟಿಕರನ್ನೋ ಹತ್ತಿರದಿಂದ ನೋಡಿ. ಕೆಲವು ಕಡೆ ತಲೆಕಟ್ಟು ಕಿತ್ತು ಬಂದಿರುತ್ತದೆ, ಒತ್ತಕ್ಷರದ ಬುಡದಲ್ಲಿ ಸೀಳು ಕಾಣುತ್ತದೆ. ಅಂಟು ಸರಿಯಿಲ್ಲ, ಬ್ಲೇಡ್ ಮೊಂಡಾಗಿದೆ ಎನ್ನುತ್ತೇವೆ. ಅನೇಕ ಸಲ ತಪ್ಪಿರುವುದು ಡಿಸೈನ್ ಫೈಲಿನಲ್ಲಿ.

ವಿನೈಲ್ ಕತ್ತರಿಸುವ ಪ್ಲಾಟರ್ ಬಣ್ಣ ನೋಡುವುದಿಲ್ಲ. ಗೆರೆ ಇರುವಲ್ಲೆಲ್ಲ ಬ್ಲೇಡ್ ಓಡಿಸುತ್ತದೆ. ಎರಡು ಕಪ್ಪು ಆಕಾರಗಳು ಒಂದರ ಮೇಲೊಂದು ಕೂತರೆ ನಮ್ಮ ಕಣ್ಣಿಗೆ ಅದು ಒಂದೇ ಆಕಾರ, ಬ್ಲೇಡಿಗೆ ಎರಡು.

ಮೂರಕ್ಷರ, ಏಳು ತುಂಡು

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಡಿಟಿಪಿ ಅಂಗಡಿಗಳಲ್ಲಿ ಈಗಲೂ ಬಳಕೆಯಲ್ಲಿರುವ ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಇದು ಏಳು ತುಂಡು. ‘ಕ’ದ ಒಡಲು ಮತ್ತು ತಲೆಕಟ್ಟು, ‘ನ’ದ ಒಡಲು, ತಲೆಕಟ್ಟು ಮತ್ತು ಒತ್ತು, ‘ಡ’ದ ಒಡಲು ಮತ್ತು ತಲೆಕಟ್ಟು. ಒಂದರ ಅಂಚು ಇನ್ನೊಂದರೊಳಗೆ ಹೊಕ್ಕ ಕಡೆಯಲ್ಲೆಲ್ಲ ಬ್ಲೇಡ್ ಅಡ್ಡ ಹಾಯುತ್ತದೆ. ಬೇಡದ ವಿನೈಲನ್ನು ಕಿತ್ತು ತೆಗೆಯುವಾಗ ತಲೆಕಟ್ಟೂ ಜೊತೆಗೆ ಎದ್ದು ಬರುತ್ತದೆ. ಯುನಿಕೋಡ್ ಫಾಂಟುಗಳಲ್ಲಿ ‘ಕ’ ಒಂದೇ ಆಕಾರವಾಗಿರುತ್ತದೆ, ನಿಜ. ಆದರೂ ಒತ್ತು ಮೇಲಿನ ಅಕ್ಷರಕ್ಕೆ ತಾಗುವಲ್ಲಿ ಇದೇ ತೊಂದರೆ ಬರಬಹುದು.

ಪರಿಹಾರ ಕಷ್ಟದ್ದಲ್ಲ. ಮೊದಲು ಕಾಗುಣಿತ ನೋಡಿ, ಫೈಲಿನ ಒಂದು ಪ್ರತಿ ಎತ್ತಿಟ್ಟುಕೊಳ್ಳಿ. ಆಮೇಲೆ ಅಕ್ಷರ ತಿದ್ದಲು ಬರುವುದಿಲ್ಲ. ಕೋರೆಲ್‌ಡ್ರಾದಲ್ಲಿ ಬ್ರೇಕ್ ಅಪಾರ್ಟ್ ಕೊಟ್ಟು ತುಂಡುಗಳನ್ನು ಬಿಡಿಸಿ, ಕರ್ವ್‌ಗೆ ಬದಲಿಸಿ, ಎಲ್ಲವನ್ನೂ ಆಯ್ದು ವೆಲ್ಡ್ ಮಾಡಿ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಆಬ್ಜೆಕ್ಟ್ ಟು ಪಾತ್ ಮಾಡಿ, ಅನ್‌ಗ್ರೂಪ್ ಮಾಡಿದ ಮೇಲೆ ಯೂನಿಯನ್ ಕೊಟ್ಟರೆ ಸಾಕು. ಒಳಗೆರೆಗಳು ಮಾಯವಾಗಿ ಹೊರ ಅಂಚು ಮಾತ್ರ ಉಳಿಯುತ್ತದೆ.

ಚಿತ್ರದ ಸುತ್ತ

ಬಣ್ಣದ ಚಿತ್ರ ಮುದ್ರಿಸಿ ಕತ್ತರಿಸುವ ಸ್ಟಿಕರಿಗೆ ಇಷ್ಟು ಸಾಲದು. ಚಿತ್ರದ ಭಾಗಗಳನ್ನು ಬೆಸೆದ ಮೇಲೆ ಎರಡು ಮೂರು ಮಿಲಿಮೀಟರ್ ಹೊರಗೆ ಇನ್ನೊಂದು ಗೆರೆ ಬೇಕು. ಕೋರೆಲ್‌ಡ್ರಾದ ಕಾಂಟೂರ್, ಇಲ್ಲಸ್ಟ್ರೇಟರ್‌ನ ಆಫ್‌ಸೆಟ್ ಪಾತ್ ಇರುವುದು ಇದಕ್ಕೇ. ಮೂಲೆಗಳನ್ನು ದುಂಡಗಾಗಿಸಿ, ಚೂಪು ಮೂಲೆಯ ಸ್ಟಿಕರ್ ಬೇಗ ಏಳುತ್ತದೆ. ಕೈಕಾಲುಗಳ ನಡುವಿನ ಸಣ್ಣ ಕಿಂಡಿಗಳಲ್ಲಿ ಉಳಿದ ಗೆರೆಗಳನ್ನು ಅಳಿಸಿ. ಅಂಚಿನವರೆಗೂ ಬಣ್ಣ ಬೇಕಿದ್ದರೆ ಅದನ್ನು ಕತ್ತರಿಸುವ ಗೆರೆಯಾಚೆಗೂ ಹರಿಸಿ, ಇಲ್ಲವಾದರೆ ಬ್ಲೇಡ್ ಕೂದಲೆಳೆಯಷ್ಟು ಸರಿದರೂ ಬಿಳಿ ಅಂಚು ಇಣುಕುತ್ತದೆ. ರೋಲ್ಯಾಂಡ್ ಯಂತ್ರಗಳಲ್ಲಿ ಆ ಗೆರೆಗೆ ‘ಕಟ್‌ಕಾಂಟೂರ್’ ಎಂಬ ಹೆಸರಿನ ಸ್ಪಾಟ್ ಕಲರ್ ಕೊಟ್ಟರೆ ಮಾತ್ರ, ಮುದ್ರಿಸದೆ ಕತ್ತರಿಸಬೇಕಾದ ಗೆರೆ ಇದು ಎಂದು ಯಂತ್ರಕ್ಕೆ ತಿಳಿಯುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಜೆಪಿಜಿಯನ್ನು ಟ್ರೇಸ್ ಮಾಡಿ ನೇರ ಕಟಿಂಗ್‌ಗೆ ಕಳಿಸುವ ಅವಸರವೂ ಬೇಡ. ಟ್ರೇಸ್ ಮಾಡಿದ ಗೆರೆಯಲ್ಲಿ ಬೇಡದ ಬಿಂದುಗಳು, ಅಂದರೆ ನೋಡ್‌ಗಳು ರಾಶಿ ಬೀಳುತ್ತವೆ. ಪ್ರತಿ ನೋಡಿನಲ್ಲೂ ಬ್ಲೇಡ್ ತಡವರಿಸಿ, ಅಂಚು ಕೊರಕಲಾಗುತ್ತದೆ. ಇಂಥ ನೋಡ್‌ಗಳ ನಡುವೆ ನಾವು ಎಳೆಯುವ ಬೆಜಿಯರ್ ಗೆರೆಗಳು ಕಂಪ್ಯೂಟರ್ ಚಿತ್ರಕಲೆಗೆಂದು ಹುಟ್ಟಿದವಲ್ಲ. 1960ರ ದಶಕದಲ್ಲಿ ಫ್ರಾನ್ಸಿನ ರೆನೋ ಕಾರು ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯರ್, ಕಾರಿನ ಮೈಯ ತಿರುವುಗಳನ್ನು ಕೊರೆಯುವ ಯಂತ್ರಕ್ಕೆ ತಿಳಿಸಲು ಇವನ್ನು ಬಳಕೆಗೆ ತಂದರು. ಕೆಲವೇ ಬಿಂದುಗಳಲ್ಲಿ ಉದ್ದನೆಯ ತಿರುವನ್ನು ಹೇಳುವುದೇ ಅವುಗಳ ಶಕ್ತಿ. ‘ಕ’ದ ದುಂಡಿಗೆ ನಾಲ್ಕೈದು ನೋಡ್ ಸಾಕಾಗುವಾಗ ನಲವತ್ತು ಇಡುವುದು ಆ ಶಕ್ತಿಯನ್ನೇ ಹಾಳುಮಾಡಿದಂತೆ.

ದುಂಡು, ಕೊಂಬು, ಒತ್ತುಗಳಿಂದ ತುಂಬಿದ ನಮ್ಮ ಲಿಪಿ ಅಚ್ಚುಕಟ್ಟಾದ ಅಂಚು ಕೇಳುತ್ತದೆ. ಡಿಸೈನ್ ಮಾಡುವವರಲ್ಲಿ ಒಂದೇ ಕೋರಿಕೆ: ಕಟಿಂಗ್‌ಗೆ ಕಳಿಸುವ ಮುನ್ನ ವೈರ್‌ಫ್ರೇಮ್‌ನಲ್ಲಿ ಒಮ್ಮೆ ನೋಡಿ. ಅಲ್ಲಿ ಬಣ್ಣ ಕಾಣುವುದಿಲ್ಲ, ಬ್ಲೇಡ್ ಓಡುವ ಗೆರೆಯಷ್ಟೇ ಕಾಣುತ್ತದೆ. ಅಕ್ಷರದೊಳಗೆ ಒಂದೇ ಒಂದು ಅಡ್ಡಗೆರೆ ಕಂಡರೂ ಫೈಲ್ ಕಳಿಸಬೇಡಿ.