ಸೇಡಿನ ಕಥೆಯೂ ಚನ್ನಗಿರಿಯ ಧೋಂಡಿಯನೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು—ದಾವಣಗೆರೆ ಜಿಲ್ಲೆಯ ಈ ನಾಲ್ಕು ಊರುಗಳಲ್ಲಿ ಯಾವ ಮನೆಯ ಹುಡುಗನನ್ನು ಕೇಳಿದರೂ ತನಗೆ ಮೆಚ್ಚಾದ ಚಲಚ್ಚಿತ್ರವೆಂದು ಹೊಡೆದಾಟದ ಚಿತ್ರವೊಂದರ ಹೆಸರನ್ನೇ ಮೊದಲು ಹೇಳಿಯಾನು. ತಂದೆಯನ್ನು ಕೊಂದವನನ್ನು ಮಗನು ಹುಡುಕಿ ಕೊಲ್ಲುವುದು, ಸೆರೆಬಿದ್ದ ನಾಯಕನು ಸಾವಿನ ದವಡೆಯಿಂದ ಪಾರಾಗಿ ಬಂದು ಹಗೆ ತೀರಿಸುವುದು—ಕಥೆಯ ಎಳೆ ಇಷ್ಟೇ. ಇಂತಹ ಚಿತ್ರಗಳನ್ನು ಮಕ್ಕಳಿಗೆ ತೋರಿಸಬಹುದೇ ಎಂದು ತಾಯಂದಿರು ಕೇಳುವುದುಂಟು. ಬೇಡವೆಂದು ಬಿಡುವುದು ಸುಲಭ. ಆದರೆ ಅಷ್ಟರಿಂದ ಮಾತು ಮುಗಿಯಲಾರದು.

ಹಗೆಯ ಕಥೆಯು ನಮಗೆ ಹೊಸತಲ್ಲ. ದ್ರೌಪದಿಯ ಬಿಚ್ಚಿದ ಮುಡಿಯನ್ನೂ ಭೀಮನ ಪ್ರತಿಜ್ಞೆಯನ್ನೂ ರನ್ನನು ಹತ್ತನೆಯ ಶತಮಾನದಲ್ಲಿಯೇ ಕಾವ್ಯವಾಗಿಸಿದನು. ಬಯಲಾಟದಲ್ಲಿ ಅದೇ ಕಥೆಯನ್ನು ನೋಡಲು ನಮ್ಮ ಹಿರಿಯರು ಬೆಳಗಾಗುವವರೆಗೂ ಕುಳಿತಿರುತ್ತಿದ್ದರು. 1975ರಲ್ಲಿ ಹೊರಬಂದ ಹಿಂದಿಯ ‘ಶೋಲೆ’ಯು ನಮ್ಮ ರಾಮನಗರದ ಬಂಡೆಗಳ ನಡುವೆಯೇ ತಯಾರಾದುದು. ಕೈಗಳೆರಡನ್ನೂ ಕಳೆದುಕೊಂಡ ಠಾಕೂರನು, ತನ್ನ ಮನೆಯವರನ್ನು ಕೊಂದ ದರೋಡೆಗಾರನನ್ನು ತಾನೇ ಕೊಲ್ಲುವಂತೆ ಮೊದಲು ಚಿತ್ರಿಸಿದ್ದರು. ಸೆನ್ಸಾರ್ ಮಂಡಲಿಯವರು ಒಪ್ಪದಿದ್ದುದರಿಂದ, ಪೊಲೀಸರು ಬಂದು ಅವನನ್ನು ಹಿಡಿದೊಯ್ಯುವಂತೆ ಕೊನೆಯನ್ನು ಮಾರ್ಪಡಿಸಬೇಕಾಯಿತು. ಸೇಡಿನ ಕಥೆಯನ್ನು ಎಲ್ಲಿಗೆ ತಂದು ನಿಲ್ಲಿಸಬೇಕೆಂಬ ಪ್ರಶ್ನೆ ಎಷ್ಟು ತೊಡಕಿನದೆಂಬುದಕ್ಕೆ ಇದೊಂದು ನಿದರ್ಶನ.

ಈ ಪ್ರಶ್ನೆಯನ್ನು ಆಲೋಚಿಸುವಾಗ ನಮಗೆ ನೆನಪಾಗುವವನು ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘನು. ಮರಾಠಾ ಮನೆತನದ ಇವನು ಹೈದರಲಿಯ ಕುದುರೆಯ ದಂಡಿನಲ್ಲಿ ಸೇವೆಗೆ ನಿಂತನು. ಮೂರನೆಯ ಮೈಸೂರು ಯುದ್ಧದ ಗೊಂದಲದಲ್ಲಿ ಹೊರಬಿದ್ದು, ಧಾರವಾಡದ ಸೀಮೆಯಲ್ಲಿ ತನ್ನದೇ ಗುಂಪನ್ನು ಕಟ್ಟಿದನು. ಪೇಶ್ವೆಯ ಸರದಾರನಾದ ಧೋಂಡೋಪಂತ ಗೋಖಲೆಯು ಅವನನ್ನು ಸೋಲಿಸಿ ಅಟ್ಟಿದನು. ನೆಲೆಗೆಟ್ಟು ಟಿಪ್ಪುವಿನ ಆಶ್ರಯಕ್ಕೆ ಬಂದವನಿಗೆ ಶ್ರೀರಂಗಪಟ್ಟಣದಲ್ಲಿ ದೊರೆತುದು ಸೆರೆಮನೆ. 1799ರ ಮೇ 4ರಂದು ಪಟ್ಟಣವು ಬೀಳಲು ಅವನ ಸೆರೆಯೂ ಬಿಟ್ಟಿತು. ಟಿಪ್ಪುವಿನ ಚದುರಿದ ಸೈನಿಕರನ್ನು ಕೂಡಿಸಿಕೊಂಡು ಬಿದನೂರು ಸೀಮೆಯನ್ನು ನಡುಗಿಸಿದನು. ಅದೇ ಆಗಸ್ಟಿನಲ್ಲಿ, ಹೊನ್ನಾಳಿಗೆ ನೆರೆಯಾದ ಶಿಕಾರಿಪುರದಲ್ಲಿ ಇಂಗ್ಲಿಷರು ಅವನ ದಂಡನ್ನು ಮುರಿದರು. ಆದರೆ ಅವನು ಕೈಗೆ ಸಿಕ್ಕಲಿಲ್ಲ. ‘ಉಭಯ ಲೋಕಗಳ ದೊರೆ’ ಎಂದು ತನ್ನನ್ನು ತಾನೇ ಕರೆದುಕೊಂಡನು. ಇಂಗ್ಲಿಷರು ಅವನನ್ನು ದರೋಡೆಗಾರನೆಂದರು. ಪರರ ಆಳಿಕೆಗೆ ತಲೆಬಾಗದ ವೀರನೆಂದು ನಮ್ಮವರು ಕೊಂಡಾಡುವರು.

ಹಳೆಯ ಹಗೆಯನ್ನು ಅವನು ಮರೆತಿರಲಿಲ್ಲ. ಗೋಖಲೆಯ ಎದೆಯ ನೆತ್ತರಿನಿಂದ ಮೀಸೆಗೆ ಬಣ್ಣವೇರಿಸುವೆನೆಂದು ಪಣ ತೊಟ್ಟಿದ್ದನೆಂದು ಹೇಳುವರು. 1800ರ ಜೂನ್ 30ರಂದು ಕಿತ್ತೂರಿನ ಬಳಿಯಲ್ಲಿ ಗೋಖಲೆಯು ಅವನ ಕೈಯಲ್ಲಿ ಹತನಾದನು. ಪಣವೂ ತೀರಿತೆಂದು ಪ್ರತೀತಿ. ಚಿತ್ರವಾಗಿದ್ದರೆ ಇಲ್ಲಿಗೆ ಪರದೆ ಬಿದ್ದು ಜನರು ಚಪ್ಪಾಳೆ ತಟ್ಟುತ್ತ ಏಳುತ್ತಿದ್ದರು.

ಆದರೆ ಚರಿತ್ರೆಯು ನಿಲ್ಲಲಿಲ್ಲ. ಆರ್ಥರ್ ವೆಲ್ಲೆಸ್ಲಿಯು ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ ಆಗಲೇ ಬೆನ್ನುಹತ್ತಿದ್ದನು. ಸೇಡು ತೀರಿದ 72ನೆಯ ದಿನ, ಸೆಪ್ಟೆಂಬರ್ 10ರಂದು, ಕೋಣಗಲ್ಲಿನಲ್ಲಿ ಧೋಂಡಿಯನು ಹೋರಾಡುತ್ತಲೇ ಮಡಿದನು. ಬೀಡಿನ ಸಾಮಾನುಗಳ ನಡುವೆ ಸುಮಾರು ನಾಲ್ಕು ವರ್ಷದ ಬಾಲಕನೊಬ್ಬನು ಸಿಕ್ಕಿದನು. ಅವನೇ ಸಲಾಬತ್ ಖಾನ್. ಧೋಂಡಿಯನ ಮಗನು, ಸಾಕುಮಗನೆಂದು ಹೇಳುವವರೂ ಉಂಟು. ಹಗೆಯ ಕುಡಿಯನ್ನು ಚಿವುಟಬೇಕೆಂಬುದು ಲೋಕದ ರೂಢಿ. ವೆಲ್ಲೆಸ್ಲಿಯಾದರೋ ಹುಡುಗನನ್ನು ತನ್ನ ಡೇರೆಗೆ ಕರೆಸಿಕೊಂಡನು. ಸ್ವದೇಶಕ್ಕೆ ಹೊರಟಾಗ ಅವನ ಪೋಷಣೆಗೆ ಹಣವನ್ನೂ ಇಟ್ಟುಹೋದನು. 1815ರಲ್ಲಿ ವಾಟರ್‌ಲೂವಿನಲ್ಲಿ ನೆಪೋಲಿಯನ್ನನನ್ನು ಗೆದ್ದವನೂ ಇವನೇ. ಬಾಲಕನು ಬೆಳೆದು ಮೈಸೂರಿನ ಅರಸರ ಸೇವೆಯಲ್ಲಿದ್ದು 1822ರಲ್ಲಿ ತೀರಿಕೊಂಡನು.

ವೆಲ್ಲೆಸ್ಲಿಯ ದಂಡು ನಮ್ಮ ನಾಡಿಗೆ ಉಪಕಾರ ಮಾಡಲು ಬಂದುದೆಂದು ನಾವು ಹೇಳಲಾರೆವು. ಆದರೂ ಆ ಒಂದು ಮಗುವಿನ ವಿಷಯದಲ್ಲಿ ಹಗೆಯ ಸರಪಣಿಯು ತುಂಡಾಯಿತು. ಅದನ್ನು ತುಂಡುಮಾಡಿದುದು ಕತ್ತಿಯಲ್ಲ.

ಆದುದರಿಂದ ತಾಯಂದಿರಿಗೆ ನಮ್ಮ ವಿಜ್ಞಾಪನೆ ಇಷ್ಟೇ. ದೊಡ್ಡ ಹುಡುಗರು ಅಂತಹ ಚಿತ್ರವನ್ನು ನೋಡಿಬಂದರೆ ಗದರಿಸಬೇಡಿರಿ. ಊಟಕ್ಕೆ ಕುಳಿತಾಗ, “ಸತ್ತ ಕೇಡಿಗನಿಗೂ ಮನೆಯಲ್ಲೊಂದು ಮಗುವಿದ್ದರೆ ಅದರ ಗತಿಯೇನಪ್ಪಾ?” ಎಂದು ಮೆಲ್ಲನೆ ಕೇಳಿರಿ. ಆಮೇಲೆ ಚನ್ನಗಿರಿಯ ಧೋಂಡಿಯನ ಕಥೆಯನ್ನು ಹೇಳಿರಿ; ಕೊನೆಯವರೆಗೂ ಹೇಳಿರಿ.