ಪೆಟ್ರೋಲಿನಲ್ಲಿ ಸೀಮೆಎಣ್ಣೆ ಸಿಕ್ಕಿಬೀಳುವುದು ಹೇಗೆ?

ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದನ್ನು ನೀಲಿ ಬಣ್ಣ ನೋಡಿ ಪತ್ತೆಹಚ್ಚುತ್ತಾರೆಯೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಪಡಿತರದ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕುವುದೇನೋ ನಿಜ. ಆದರೆ ಬಣ್ಣವನ್ನು ತೆಗೆದುಹಾಕಬಹುದು. ಎಣ್ಣೆಯೊಳಗಿನ ಹೈಡ್ರೋಕಾರ್ಬನ್‌ಗಳನ್ನು ಮಾತ್ರ ಬಚ್ಚಿಡಲಾಗದು. ಅವನ್ನು ಬಿಡಿಬಿಡಿಯಾಗಿ ತೋರಿಸುವ ವಿಧಾನವೇ ಗ್ಯಾಸ್ ಕ್ರೊಮ್ಯಾಟೊಗ್ರಫಿ.

ಪೆಟ್ರೋಲ್ ಎಂದರೆ ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಬಟ್ಟಿ ಇಳಿಸಿ ಎಲ್ಲವನ್ನೂ ಬೇರ್ಪಡಿಸುವುದು ಆಗದ ಮಾತು. ಬೆಂಜೀನ್ 80.1 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ ಸೈಕ್ಲೋಹೆಕ್ಸೇನ್ 80.7ರಲ್ಲಿ ಕುದಿಯುತ್ತದೆ. ಬೆಂಜೀನ್ ಕ್ಯಾನ್ಸರ್‌ಕಾರಕ, ಬಿಎಸ್-6 ಪೆಟ್ರೋಲಿನಲ್ಲಿ ಅದು ಶೇ. 1ನ್ನು ಮೀರಕೂಡದು. ಅದನ್ನು ಪ್ರತ್ಯೇಕವಾಗಿ ಅಳೆಯಲಾಗದಿದ್ದರೆ ಈ ಮಿತಿ ಕಾಗದದ ಮೇಲಷ್ಟೇ ಉಳಿದೀತು.

ಕ್ರೊಮ್ಯಾಟೊಗ್ರಫಿಯಲ್ಲಿ ದ್ರವದ ಬದಲು ಅನಿಲವನ್ನು ಹರಿಸಿಯೂ ಮಿಶ್ರಣಗಳನ್ನು ಬಿಡಿಸಬಹುದೆಂದು ಬ್ರಿಟನ್ನಿನ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ 1941ರಲ್ಲೇ ಬರೆದಿದ್ದರು. ಸುಮಾರು ಹತ್ತು ವರ್ಷ ಅದನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ! ಕೊನೆಗೆ ಮಾರ್ಟಿನ್ ಅವರೇ ಎ. ಟಿ. ಜೇಮ್ಸ್ ಜೊತೆಗೂಡಿ ಕೊಬ್ಬಿನಾಮ್ಲಗಳನ್ನು ಹಾಗೆ ಬೇರ್ಪಡಿಸಿ 1952ರಲ್ಲಿ ಪ್ರಕಟಿಸಿದರು. ಅದೇ ವರ್ಷ ಮಾರ್ಟಿನ್, ಸಿಂಜ್ ಇಬ್ಬರಿಗೂ ನೊಬೆಲ್ ಬಂತು, ದ್ರವ ಹರಿಸುವ ಹಿಂದಿನ ವಿಧಾನಕ್ಕೆ. ಹೊಸ ವಿಧಾನ ತೈಲೋದ್ಯಮಕ್ಕೆ ವರವಾಯಿತು.

ಈಗಿನ ಯಂತ್ರದಲ್ಲಿ ಕಾಲು ಮಿಲಿಮೀಟರ್ ಒಳವ್ಯಾಸದ ಸಿಲಿಕಾ ಕೊಳವೆಯನ್ನು ಸುರುಳಿ ಸುತ್ತಿ ಒಲೆಯೊಳಗೆ ಇಟ್ಟಿರುತ್ತಾರೆ. ಪೆಟ್ರೋಲ್ ವಿಶ್ಲೇಷಣೆಗೆ ಬಳಸುವ ಕೊಳವೆ ನೂರು ಮೀಟರ್ ಉದ್ದವೂ ಇರುತ್ತದೆ. ಸಿರಿಂಜಿನಿಂದ ಒಂದು ಹನಿಗಿಂತಲೂ ಕಡಿಮೆ ಮಾದರಿ ಹಾಕಿದರೆ ಸಾಕು. ಅದು ಆವಿಯಾಗುತ್ತದೆ, ಹೀಲಿಯಂ ಅದನ್ನು ಮುಂದಕ್ಕೆ ತಳ್ಳುತ್ತದೆ. ಕೊಳವೆಯ ಒಳಗೋಡೆಗೆ ಸಿಲಿಕೋನಿನ ತೆಳು ಲೇಪವಿದೆ; ಅಣುಗಳು ಅದರಲ್ಲಿ ತಂಗಿ ತಂಗಿ ಸಾಗುತ್ತವೆ. ಒಂದೇ ಬಸ್ಸಿನಿಂದ ಇಳಿದವರು ಸಂತೆಬೀದಿ ಹೊಕ್ಕಂತೆ: ಕೊಳ್ಳುವುದೇನೂ ಇಲ್ಲದವರು ಬೇಗ ಆಚೆ ಬರುತ್ತಾರೆ, ಅಂಗಡಿ ಅಂಗಡಿಗೂ ನಿಲ್ಲುವವರು ತಡವಾಗಿ. ಹಗುರ ಅಣುಗಳು ಮೊದಲು, ಭಾರದವು ಆಮೇಲೆ. ಲೇಪ ಬದಲಿಸಿದರೆ ಸರದಿಯೂ ಬದಲಾದೀತು; ಧ್ರುವೀಯ ಲೇಪವಿದ್ದರೆ ಬೆಂಜೀನ್, ಸೈಕ್ಲೋಹೆಕ್ಸೇನ್‌ಗಿಂತ ಬಹಳ ಹಿಂದೆ ಬೀಳುತ್ತದೆ.

ಕೊಳವೆಯ ಕೊನೆಯಲ್ಲಿ ಹೈಡ್ರೋಜನ್ ಜ್ವಾಲೆ. ಅಣು ಉರಿದಾಗ ಹುಟ್ಟುವ ಅಯಾನುಗಳಿಂದ ಅತಿ ಸಣ್ಣ ವಿದ್ಯುತ್ ಹರಿದು, ಪರದೆಯ ಮೇಲೆ ಶಿಖರ ಮೂಡುತ್ತದೆ. ಶಿಖರದ ವಿಸ್ತೀರ್ಣವೇ ಪ್ರಮಾಣದ ಲೆಕ್ಕ.

ಪೆಟ್ರೋಲಿನ ಶಿಖರಗಳು ಹನ್ನೆರಡು ಕಾರ್ಬನ್‌ಗಳ ಆಸುಪಾಸಿನಲ್ಲಿ ಮುಗಿಯುತ್ತವೆ. ಸೀಮೆಎಣ್ಣೆಯವು ಅದನ್ನು ದಾಟಿ ಹೋಗುತ್ತವೆ. ಪೆಟ್ರೋಲ್ ಖಾಲಿ ಬಿಡಬೇಕಾದ ಜಾಗದಲ್ಲಿ ಶಿಖರಗಳು ಎದ್ದರೆ ಬೆರಕೆ ಬಯಲಾದಂತೆಯೇ. ಆದರೆ ಪೆಟ್ರೋಲಿನಷ್ಟೇ ಹಗುರವಾದ ದ್ರಾವಕವನ್ನು ಬೆರೆಸಿದ್ದರೆ ಈ ಗುರುತು ಸಿಗದು. ಆಗ ತೈಲಾಗಾರದ ಮೂಲ ಮಾದರಿಯ ಜೊತೆಗೆ ಶಿಖರಕ್ಕೆ ಶಿಖರ ಹೋಲಿಸಿ ನೋಡಲೇಬೇಕು. ಮೂಲ ಮಾದರಿಯನ್ನು ಜೋಪಾನವಾಗಿ ತೆಗೆದಿಡುವುದು ಯಂತ್ರದಷ್ಟೇ ಮುಖ್ಯ.